ನಲವತ್ತು ಪದ, ನಾಲ್ಕು ಗೋಡೆ

ಟೀಚರಮ್ಮ: ಮುಚ್ಚಿ ಅಂತ ಹೇಳಿದ್ದು ನಾನೇ, ಇಲ್ಲ ಅನ್ನಲ್ಲ. ಆದ್ರೆ ಏನು ಹಾಕಿ ಮುಚ್ಚಿದ್ದೀರಿ ಅಂತ ನೀವೇ ಒಂದ್ಸಲ ಕಣ್ಣು ತುಂಬ ನೋಡಿ, ತಾತ!

ಗಂಟೆತಾತ: ಭಾನುವಾರದಿಂದ ನೋಡ್ತಾನೇ ಇದೀನಮ್ಮ. ನೋಡಿದಷ್ಟೂ ಸಾಲ್ದು. ಎಲ್ಲಾದ್ರೂ ಬೆರಳಗಲ ಗೋಡೆ ಕಂಡ್ರೆ ಹೇಳಿ, ಈ ಕಿವಿ ನಿಮ್ಮ ಕೈಲಿ.

ಟೀಚರಮ್ಮ: ಗೋಡೆ ಕಾಣ್ತಿಲ್ಲ. ಅಕ್ಷರ ಕಾಣ್ತಿದೆ!

ಗಂಟೆತಾತ: ಪೇಪರು ಅಂದ್ಮೇಲೆ ಅಕ್ಷರ ಇದ್ದೇ ಇರುತ್ತಲ್ಲಮ್ಮ. ಅಕ್ಷರ ಇಲ್ದೆ ಪೇಪರಿನವರು ಇನ್ನೇನು ಮಾರ್ತಾರೆ?

ಟೀಚರಮ್ಮ: ಯಾವ ಭಾಷೆ ಅಕ್ಷರ?

ಗಂಟೆತಾತ: ಇಂಗ್ಲಿಷು! ಇಂಗ್ಲಿಷ್ ಕ್ಲಾಸಿಗೆ ಇಂಗ್ಲಿಷ್ ಪೇಪರೇ ಲಕ್ಷಣ ಅಂತ ಲೈಬ್ರರಿ ಮೂಲೆಯಿಂದ ಒಂದೊಂದಾಗಿ ಆರಿಸಿ ತಂದೆ. ಕೈಗೆ ಸಿಕ್ಕಿದ್ದು ಬಳಿದು ಹೋಗೋ ಜಾತಿ ಅಲ್ಲ ನಾನು. ಲೆಕ್ಕದ ಕ್ಲಾಸಿಗೆ ಷೇರು ಪೇಟೆ ಪುಟ. ವಿಜ್ಞಾನದ ಕ್ಲಾಸಿಗೆ ಹವಾಮಾನದ ಪುಟ. ಡ್ರಾಯಿಂಗ್ ಕ್ಲಾಸಿಗೆ ವ್ಯಂಗ್ಯಚಿತ್ರ. ಯಾರೂ ಹೇಳಿಕೊಟ್ಟಿದ್ದಲ್ಲ, ನನಗೇ ಹೊಳೀತು.

ಟೀಚರಮ್ಮ: ಗೋಡೆಗೆ ಕಿವಿ ಇದೆ ಅಂತಾರೆ ಜನ. ನೀವು ಬಾಯೂ ಕೊಟ್ಟು ಕೂರಿಸಿದ್ರಲ್ಲ, ತಾತ!

ಅದು ಗುರುವಾರದ ಸಂಜೆ. ಮಕ್ಕಳು ಮನೆಗೆ ಹೋಗಿ ಕಾಲು ಗಂಟೆಯಾಗಿತ್ತು. ಏಳನೇ ಬಿ ತರಗತಿಯ ಕೋಣೆಯಲ್ಲಿ ಬೆಂಚುಗಳ ನಡುವೆ ಇಬ್ಬರೇ ನಿಂತಿದ್ದರು: ಹದಿನೆಂಟು ವರ್ಷಗಳಿಂದ ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಟೀಚರಮ್ಮ, ಮತ್ತು ಅದಕ್ಕೂ ಹತ್ತು ವರ್ಷ ಮೊದಲಿನಿಂದ ಶಾಲೆಯ ಗಂಟೆ ಬಾರಿಸುತ್ತಿದ್ದ ಜವಾನ. ಅವರನ್ನು ಮಕ್ಕಳೂ ಮೇಷ್ಟ್ರುಗಳೂ ಗಂಟೆತಾತ ಎಂದೇ ಕರೆಯುತ್ತಿದ್ದರು.

ಆ ವಾರವೆಲ್ಲ ಪರೀಕ್ಷೆಯ ವಾರ. ಸೋಮವಾರ ಓದು, ಮಂಗಳವಾರ ಉಕ್ತಲೇಖನ, ಬುಧವಾರ ಪ್ರಬಂಧ. ಇವು ಶಾಲೆಯೊಳಗಿನ ಸಣ್ಣ ಪರೀಕ್ಷೆಗಳು. ಗುರುವಾರ ಪದಗಳ ಪುನರಾವರ್ತನೆ. ಶುಕ್ರವಾರ ಮಾತ್ರ ದೊಡ್ಡದು: ವಲಯದ ಎಲ್ಲ ಶಾಲೆಗಳಿಗೂ ಸೇರಿ ಒಂದೇ ಪರೀಕ್ಷೆ, ನಲವತ್ತು ಇಂಗ್ಲಿಷ್ ಪದಗಳು. ಟೀಚರಮ್ಮ ಆ ನಲವತ್ತನ್ನೂ ಮೂರು ತಿಂಗಳ ಹಿಂದೆಯೇ ತಮ್ಮ ಕೈಯಾರೆ ಬಣ್ಣದ ರಟ್ಟಿನಲ್ಲಿ ಬರೆದು ನಾಲ್ಕು ಗೋಡೆಗೂ ತೂಗುಹಾಕಿದ್ದರು. ಪರೀಕ್ಷೆಯ ವಾರದಲ್ಲಿ ಅವು ಕಾಣಬಾರದು. ಕಾಣಲಿಲ್ಲವೆಂದು ಶುಕ್ರವಾರ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಹಾಗೆಂದೇ ತಾತನಿಗೆ ಮುಚ್ಚಲು ಹೇಳಿದ್ದು.

ಕಳೆದ ಬಾರಿ ಇಡೀ ವಲಯದಲ್ಲಿ ಏಳನೇ ಬಿ ತರಗತಿಯೇ ಕೊನೆಯದಾಗಿತ್ತು. ಈ ಬಾರಿಯೂ ಸರಾಸರಿ ಇಪ್ಪತ್ತು ದಾಟದಿದ್ದರೆ ಟೀಚರಮ್ಮನಿಂದ ತರಗತಿಯನ್ನು ಕಿತ್ತು, ಅವರನ್ನು ಲೈಬ್ರರಿಯ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟಲು ಕೂರಿಸತಕ್ಕದ್ದೆಂದು ಮೇಲಿನ ಕಚೇರಿಯಿಂದ ಪತ್ರ ಬಂದಿದೆಯೆಂದು ಹೆಡ್ಮೇಷ್ಟ್ರು ತಿಳಿಸಿದ್ದರು. ಹರಿದ ಪುಸ್ತಕದ ಮೇಲೆ ಆಕೆಗೆ ದ್ವೇಷವೇನೂ ಇರಲಿಲ್ಲ. ಆದರೆ ಪುಸ್ತಕವು ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ತಪ್ಪು ಹೇಳಿ ನಾಲಿಗೆ ಕಚ್ಚಿಕೊಳ್ಳುವುದಿಲ್ಲ. ಈ ಮೂವತ್ತೆರಡು ತುಂಟ ಮುಖಗಳನ್ನು ಬಿಟ್ಟು ಬದುಕುವುದು ಹೇಗೆಂದು ಆಕೆ ವಾರದುದ್ದಕ್ಕೂ ದೇವರನ್ನು ಕೇಳಿದ್ದರು.

ಆ ಮಧ್ಯಾಹ್ನ ದೇವರು ಉತ್ತರ ಕೊಟ್ಟನೆಂದೇ ತೋರಿತ್ತು.

ಟೀಚರಮ್ಮ: ಇವತ್ತು ರಿವಿಷನ್ನಲ್ಲಿ ಏನಾಯ್ತು ಗೊತ್ತಾ ತಾತ? ಮೂರು ತಿಂಗಳಿಂದ ಕಲ್ಲಿಗೆ ನೀರು ಹೊಯ್ದ ಹಾಗೆ ಪಾಠ ಮಾಡಿದ್ದೆ. ಇವತ್ತು 'ಪ್ರಾಮಿಸ್' ಅಂದೆ. ಮೂವತ್ತೆರಡು ಕೈ ಮೇಲೆ!

ಗಂಟೆತಾತ: ಒಳ್ಳೇದಾಯ್ತಲ್ಲಮ್ಮ!

ಟೀಚರಮ್ಮ: ಕೊನೆ ಬೆಂಚಿನ ನಿದ್ದೆರಾಯ ಇದಾನಲ್ಲ, ಅವನೇ ಎದ್ದು ನಿಂತು, 'ಎಲೆಕ್ಷನ್ನಿಗೆ ಮುಂಚೆ ಕೊಡೋದು ಮಿಸ್' ಅಂದ. 'ಡಿಲೇ' ಅಂದೆ. 'ಅದು ಎಲೆಕ್ಷನ್ ಆದ ಮೇಲೆ ಮಿಸ್' ಅಂತ ಜಡೆಯ ಹುಡುಗಿ. 'ಬಾರ್ಗೇನ್' ಅಂದ್ರೆ, 'ಒಂದು ಸೋಫಾ ಕೊಂಡ್ರೆ ಒಂದು ಸ್ಟೂಲು ಪುಕ್ಕಟೆ' ಅಂತ ಇಡೀ ಎರಡನೇ ಸಾಲು ಒಂದೇ ದನಿ! ನನ್ನ ಕಣ್ಣಲ್ಲಿ ನೀರೇ ಬಂತು. ಬಂಜರು ನೆಲ ಒಂದೇ ಮಧ್ಯಾಹ್ನದಲ್ಲಿ ತೆನೆ ಬಿಟ್ಟಿತು ಅಂತ ಮನಸ್ಸಲ್ಲೇ ಕೈಮುಗಿದೆ.

ಗಂಟೆತಾತ: ದೇವರು ದೊಡ್ಡೋನು.

ಟೀಚರಮ್ಮ: ದೇವರು ದೊಡ್ಡೋನೇ. ಆದ್ರೆ ಕೈಮುಗಿದು ಕಣ್ಣು ಬಿಟ್ರೆ ಒಂದು ಮಗುವೂ ನನ್ನ ಮುಖ ನೋಡ್ತಿಲ್ಲ! ಎಲ್ಲರ ಕಣ್ಣೂ ಗೋಡೆ ಮೇಲೆ. ನಾನೂ ತಿರುಗಿ ನೋಡಿದೆ. ಕಿಟಕಿ ಪಕ್ಕದಲ್ಲಿ ಸೋಫಾ ಜಾಹೀರಾತು. ಅದರಲ್ಲಿ ಅಂಗೈ ಗಾತ್ರದ ಅಕ್ಷರದಲ್ಲಿ 'ಬಾರ್ಗೇನ್'!

ಗಂಟೆತಾತ: (ತಲೆ ಕೆರೆದು) ಅದು ಸೋಫಾ ಅಂತ ಗೊತ್ತಿತ್ತು. ಉಳಿದಿದ್ದು ಗೊತ್ತಿರಲಿಲ್ಲ.

ಟೀಚರಮ್ಮ: ಎಲ್ಲರೂ ಹೋದ ಮೇಲೆ ಸೀಮೆಸುಣ್ಣ ಹಿಡಿದು ಗೋಡೆ ಸುತ್ತಿದೆ. ನಲವತ್ತರಲ್ಲಿ ಮೂವತ್ತೊಂದು ಪದ ನಿಮ್ಮ ಪೇಪರಲ್ಲಿ ಸಿಕ್ತು. ಮೂವತ್ತೊಂದು! ನಾನು ಬರೀ ಪದ ಬರೆದು ತೂಗುಹಾಕಿದ್ದೆ. ನೀವು ವಾಕ್ಯ, ಅರ್ಥ, ಫೋಟೋ ಸಮೇತ ಒದಗಿಸಿದ್ದೀರಿ!

ಗಂಟೆತಾತ: ಹಾಗಾದ್ರೆ ಅದಕ್ಕೇ ಇರ್ಬೇಕು.

ಟೀಚರಮ್ಮ: ಯಾವುದಕ್ಕೆ?

ಗಂಟೆತಾತ: ಸೋಮವಾರದಿಂದ ಬಿಡುವಿನ ಹೊತ್ತಲ್ಲಿ ಒಂದು ಮಗುವೂ ಆಟಕ್ಕೆ ಹೋಗ್ಲಿಲ್ಲಮ್ಮ. ಎಲ್ಲಾ ಗೋಡೆಗೆ ಮೂಗು ಹಚ್ಚಿ ನಿಂತಿದ್ವು. 'ಸಿಕ್ತು, ಹನ್ನೆರಡು!' ಅಂತ ಒಂದು ಕೂಗುತ್ತೆ, 'ನಂದು ಹದಿಮೂರು!' ಅಂತ ಇನ್ನೊಂದು. ಏನೋ ಮರಿ ಅಂತ ಕೇಳಿದ್ರೆ, 'ಮಿಸ್ ಮುಚ್ಚಿಟ್ಟ ಪದ ಹುಡುಕ್ತಾ ಇದೀವಿ ತಾತ' ಅಂದ್ವು. ನಾನು ಏನೋ, ನನ್ನ ಕೈಗುಣ ನೋಡೋಕೆ ನಿಂತಿವೆ ಅಂತ ಹಿಗ್ಗಿದೆ.

ಟೀಚರಮ್ಮ: ಮೂರು ತಿಂಗಳು ತೆರೆದಿಟ್ಟಿದ್ದೆ. ಒಬ್ರೂ ಕತ್ತೆತ್ತಿ ನೋಡ್ಲಿಲ್ಲ!

ಗಂಟೆತಾತ: ತೆರೆದಿಟ್ಟಿದ್ದನ್ನ ಯಾರು ನೋಡ್ತಾರಮ್ಮ? ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿಟ್ರೆ ತಾನೇ ಮನೆಯವರೆಲ್ಲ ಎತ್ತಿ ಎತ್ತಿ ನೋಡೋದು.

ಆದಿಯಿಂದಲೂ ಮನುಷ್ಯನ ಕೈ ಮುಚ್ಚಳದ ಕಡೆಗೇ ಹರಿದಿದೆ. ದೊಡ್ಡವರೇ ಗೆಲ್ಲದ ಆ ದೌರ್ಬಲ್ಯವನ್ನು ಹನ್ನೆರಡು ವರ್ಷದ ಮಕ್ಕಳು ಗೆಲ್ಲಲೆಂದು ಬಯಸುವುದು ನ್ಯಾಯವಲ್ಲ. ಆದರೆ ಟೀಚರಮ್ಮನಿಗೆ ಆಗ ನ್ಯಾಯದ ಯೋಚನೆ ಇರಲಿಲ್ಲ. ನಾಳೆಯ ಯೋಚನೆ ಇತ್ತು. ಅವರು ಸೋಫಾ ಜಾಹೀರಾತಿನ ತುದಿಗೆ ಉಗುರು ಹಾಕಿ ಎಳೆದರು. ಕಾಗದ ಬರಲಿಲ್ಲ, ಉಗುರು ಬಂತು.

ಟೀಚರಮ್ಮ: ಅಯ್ಯೋ! ಏನು ಹಾಕಿ ಅಂಟಿಸಿದ್ದೀರಿ ಇದನ್ನ?

ಗಂಟೆತಾತ: ನಾನೇ ಕಾಯಿಸಿದ ಅಂಟು. ಅಂಗಡಿ ಗೋಂದು ಎರಡು ದಿನ ಹಿಡಿಯುತ್ತೆ. ಇದು ನಮ್ಮತ್ತೆ ಕೋಪ ಇದ್ದ ಹಾಗೆ. ಒಂದ್ಸಲ ಹಿಡಿದ್ರೆ ತಲೆಮಾರು ಬಿಡಲ್ಲ.

ಟೀಚರಮ್ಮ: ನೀರು ಹಚ್ಚಿದ್ರೆ?

ಗಂಟೆತಾತ: ಇನ್ನೂ ಗಟ್ಟಿ ಆಗುತ್ತೆ.

ಟೀಚರಮ್ಮ: ಮೇಲೊಂದು ಬಿಳಿ ಕಾಗದ ಅಂಟಿಸಿದ್ರೆ?

ಗಂಟೆತಾತ: ನಾಲ್ಕು ಗೋಡೆಗಾಗೋಷ್ಟು ಬಿಳಿ ಕಾಗದ ಇದ್ದಿದ್ರೆ ನಾನು ಹಳೇ ಪೇಪರಿಗೆ ಯಾಕೆ ಹೋಗ್ತಿದ್ದೆ? ಇದ್ದ ಬದ್ದ ಕಾಗದವೆಲ್ಲ ಪರೀಕ್ಷೆಗೆ ಅಂತ ಸಾಹೇಬ್ರು ಬೀರುವಿಗೆ ಹಾಕಿ ಬೀಗ ಜಡಿದಿದಾರೆ.

ಟೀಚರಮ್ಮ: ಬೇರೆ ಕೋಣೆಗೆ ಕರ್ಕೊಂಡು ಹೋದ್ರೆ?

ಗಂಟೆತಾತ: ಕರ್ಕೊಂಡು ಹೋಗಿ. ನಾಳೆ ಎಲ್ಲಾ ಕೋಣೇಲೂ ಪರೀಕ್ಷೆ ಇದೆ. ಎಲ್ಲಾ ಗೋಡೆಗೂ ನಾನೇ ಅಂಟಿಸಿದೀನಿ.

ಆ ಹೊತ್ತಿಗೆ ಸರಿಯಾಗಿ ಹೆಡ್ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಂಡರು. ಒಂದು ಕೈಯಲ್ಲಿ ಪ್ರಮಾಣಪತ್ರ, ಇನ್ನೊಂದರಲ್ಲಿ ಮುಚ್ಚಳ ತೆಗೆದ ಪೆನ್ನು, ಕಂಕುಳಲ್ಲಿ ನಿಯಮದ ಪುಸ್ತಕ. ಸಹಿ ಹಾಕಿಸಿಕೊಳ್ಳಲು ಬರುವವರು ಸಾಮಾನ್ಯವಾಗಿ ಮುಚ್ಚಳವನ್ನು ಬಂದ ಮೇಲೆ ತೆಗೆಯುತ್ತಾರೆ. ಇವರು ದಾರಿಯಲ್ಲೇ ತೆಗೆದುಕೊಂಡು ಬಂದಿದ್ದರು.

ಹೆಡ್ಮೇಷ್ಟ್ರು: ಮೇಡಂ, ನಾಳೆ ಗಡಿಬಿಡಿ ಆಗುತ್ತೆ. ಇವತ್ತೇ ಒಂದು ಸಹಿ ಹಾಕಿಬಿಡಿ. ಇಲ್ಲಿ, ಈ ಗೆರೆ ಮೇಲೆ.

ಟೀಚರಮ್ಮ: ಆಗಲ್ಲ ಸಾರ್.

ಹೆಡ್ಮೇಷ್ಟ್ರು: ಪೆನ್ನು ಬೇಡ್ವಾ? ನೀಲಿ ಶಾಯಿ ಬೇಕಿತ್ತಾ?

ಟೀಚರಮ್ಮ: ಶಾಯಿ ಅಲ್ಲ ಸಾರ್, ಗೋಡೆ. ನಾಲ್ಕು ಗೋಡೆಯಲ್ಲೂ ಪರೀಕ್ಷೆ ಪದಗಳೇ ತುಂಬಿವೆ. ನೀವೇ ನೋಡಿ.

ಹೆಡ್ಮೇಷ್ಟ್ರು: (ಗೋಡೆ ನೋಡದೆ) ನಿಮ್ಮ ಚಾರ್ಟು ಕಾಣುತ್ತಾ?

ಟೀಚರಮ್ಮ: ಚಾರ್ಟು ಕಾಣಲ್ಲ. ಆದ್ರೆ...

ಹೆಡ್ಮೇಷ್ಟ್ರು: ಆಯ್ತಲ್ಲ! ನಿಯಮ ಏನು ಹೇಳುತ್ತೆ? 'ಗೋಡೆಗೆ ತೂಗುಹಾಕಿದ ಚಾರ್ಟುಗಳನ್ನು ಮುಚ್ಚತಕ್ಕದ್ದು.' ಮುಚ್ಚಿದೆ. ಏನು ಹಾಕಿ ಮುಚ್ಚಬೇಕು ಅಂತ ಹೇಳಿದೆಯಾ? ಇಲ್ಲ. ಹಾಕಿ ಸಹಿ.

ಟೀಚರಮ್ಮ: ಸಾರ್, ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು ಇದು.

ಹೆಡ್ಮೇಷ್ಟ್ರು: ಅಳಿಯನೋ ಗಂಡನೋ, ಮನೆ ನಡೆದ್ರೆ ಸಾಕು ಮೇಡಂ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಸರಾಸರಿ ಇಪ್ಪತ್ತು ದಾಟದಿದ್ರೆ ಏನಾಗುತ್ತೆ ಅಂತ ಗೊತ್ತಲ್ಲ?

ಟೀಚರಮ್ಮ: ಗೊತ್ತು. ರಟ್ಟು ಕಟ್ಟೋ ಕೆಲಸ.

ಹೆಡ್ಮೇಷ್ಟ್ರು: (ನಿಟ್ಟುಸಿರಿಟ್ಟು) ಬರೀ ಅಷ್ಟೇ ಆಗಿದ್ರೆ ಚೆನ್ನಾಗಿತ್ತು.

ಟೀಚರಮ್ಮ: ಇನ್ನೇನಿದೆ ಸಾರ್?

ಹೆಡ್ಮೇಷ್ಟ್ರು: ಏನಿಲ್ಲ, ಏನಿಲ್ಲ. ಸಹಿ ಹಾಕಿ.

ಟೀಚರಮ್ಮ: ನೋಡಿ ಸಾರ್, ಹದಿನೆಂಟು ವರ್ಷದಿಂದ ಇದೇ ಕೋಣೆಯಲ್ಲಿ ನಿಂತು ಮಕ್ಕಳಿಗೆ, ಪಕ್ಕದವರ ಹಾಳೆ ನೋಡಬೇಡಿ, ನೋಡಿ ಬರೆದ ಹತ್ತಕ್ಕಿಂತ ನೋಡದೆ ಬರೆದ ಎರಡು ದೊಡ್ಡದು ಅಂತ ಹೇಳ್ತಾ ಬಂದಿದೀನಿ. ನಾಳೆ ನನ್ನ ಕೆಲಸ ಉಳಿಸ್ಕೊಳ್ಳೋಕೆ, 'ಗೋಡೆ ನೋಡಿ ಬರೀರಿ ಮಕ್ಕಳೇ' ಅನ್ಲಾ?

ಹೆಡ್ಮೇಷ್ಟ್ರು: ಅನ್ನಬೇಡಿ. ಸುಮ್ಮನಿರಿ. ಅವರೇ ನೋಡ್ಕೋತಾರೆ.

ಟೀಚರಮ್ಮ: ಸುಮ್ಮನಿರೋದಕ್ಕೂ ದೇವರ ಹತ್ರ ಲೆಕ್ಕ ಇದೆ ಸಾರ್.

ಹೆಡ್ಮೇಷ್ಟ್ರು: ದೇವರ ಹತ್ರ ಆಮೇಲೆ ಹೋಗೋಣ. ಮೊದಲು ವಲಯದ ಕಚೇರಿ ಹತ್ರ ಹೋಗ್ಬೇಕು!

ಇಬ್ಬರ ನಡುವೆ ನಿಂತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕತ್ತು ಹೊರಳಿಸುತ್ತಿದ್ದ ಗಂಟೆತಾತ ಮೆಲ್ಲನೆ ಕೆಮ್ಮಿದರು. ಇಪ್ಪತ್ತೆಂಟು ವರ್ಷ ಗಂಟೆ ಬಾರಿಸಿದವರ ಕೆಮ್ಮಿಗೂ ಒಂದು ಗತ್ತಿರುತ್ತದೆ. ಇಬ್ಬರೂ ಮಾತು ನಿಲ್ಲಿಸಿದರು.

ಗಂಟೆತಾತ: ಸಾಹೇಬ್ರೇ, ಆ ನಿಯಮದ ಪುಸ್ತಕದಲ್ಲಿ, ಪರೀಕ್ಷೆ ಗೋಡೆ ಇರೋ ಕಡೆಯೇ ಮಾಡ್ಬೇಕು ಅಂತ ಬರೆದಿದೆಯಾ?

ಹೆಡ್ಮೇಷ್ಟ್ರು: ಗೋಡೆ ಇಲ್ಲದ ಕಡೆ ಯಾರು ಪರೀಕ್ಷೆ ಮಾಡ್ತಾರೆ?

ಗಂಟೆತಾತ: ಅಂಗಳದಲ್ಲಿ ಗೋಡೆ ಇಲ್ವಲ್ಲ. ಮರ ಇದೆ. ಮರಕ್ಕೆ ನಾನು ಏನೂ ಅಂಟಿಸಿಲ್ಲ.

ಹೆಡ್ಮೇಷ್ಟ್ರು: (ಪುಸ್ತಕ ತಿರುವಿ) 'ಗಾಳಿ ಬೆಳಕು ಚೆನ್ನಾಗಿರುವ ಸ್ಥಳದಲ್ಲಿ...' ಹೂಂ. ಸ್ಥಳ ಅಂತಿದೆ. ಕೋಣೆ ಅಂತಿಲ್ಲ.

ಟೀಚರಮ್ಮ: ಅದೇ ಸರಿ ಸಾರ್. ಅಂಗಳ!

ಹೆಡ್ಮೇಷ್ಟ್ರು: (ಮುಖ ಸಣ್ಣದು ಮಾಡಿ) ಮೇಡಂ, ಅಂಗಳದಲ್ಲಿ ಗೋಡೆ ಇಲ್ಲ ಅನ್ನೋದು ಸರಿ. ಆದ್ರೆ ಗೋಡೆ ಇಲ್ಲದಿದ್ರೆ ಈ ಮಕ್ಕಳಿಗೆ ಬರೋದು ಏನು?

ಆ ಪ್ರಶ್ನೆ ಟೀಚರಮ್ಮನ ಎದೆಯಲ್ಲಿ ಮುಳ್ಳಾಗಿ ಕುಳಿತಿತು. ಅವರು ಸಹಿ ಹಾಕದ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಶುಕ್ರವಾರ ಬೆಳಿಗ್ಗೆ ಮೂವತ್ತೆರಡು ಮಕ್ಕಳು ಅಂಗಳದ ಮರದ ಕೆಳಗೆ ಕೈಯಳತೆ ದೂರ ಬಿಟ್ಟು ಸಾಲಾಗಿ ಕುಳಿತರು. ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಹಾಳೆ, ಹಾಳೆ ಹಾರದಂತೆ ಒಂದೊಂದು ಕಲ್ಲು. ಕೋಣೆಗೆ ಹೋಗುತ್ತಿಲ್ಲವೆಂದು ತಿಳಿದಾಗ ಸಾಲುಗಳಲ್ಲಿ ಒಂದು ಸಣ್ಣ ಗುಜುಗುಜು ಎದ್ದು ಅಡಗಿತು. ಪರೀಕ್ಷೆಯ ಕ್ರಮ ಸರಳ: ಟೀಚರಮ್ಮ ಒಂದೊಂದೇ ಪದವನ್ನು ಗಟ್ಟಿಯಾಗಿ ಹೇಳಬೇಕು, ಮಕ್ಕಳು ಅದರ ಅರ್ಥವನ್ನೂ ಅದನ್ನು ಬಳಸಿ ಒಂದು ವಾಕ್ಯವನ್ನೂ ಬರೆಯಬೇಕು. ಹೆಡ್ಮೇಷ್ಟ್ರು ಕೈ ಹಿಂದೆ ಕಟ್ಟಿ ಸಾಲಿನಿಂದ ಸಾಲಿಗೆ ನಡೆಯುತ್ತಿದ್ದರು. ತಾತ ಗಂಟೆಯ ಪಕ್ಕದಲ್ಲಿ ನಿಂತಿದ್ದರು.

ಮೊದಲ ಪದ ಹೇಳುವಾಗ ಟೀಚರಮ್ಮನ ದನಿ ನಡುಗಿತು. ಮಕ್ಕಳು ಒಂದು ಕ್ಷಣ ತಲೆಯೆತ್ತಿ ಎದುರಿಗಿದ್ದ ಬರೀ ಗಾಳಿಯನ್ನು ದಿಟ್ಟಿಸಿದರು. ಆಮೇಲೆ ಬರೆದರು. ಎರಡನೆಯದು, ಮೂರನೆಯದು, ಹತ್ತನೆಯದು. ಪೆನ್ಸಿಲುಗಳ ಸದ್ದು ನಿಲ್ಲಲಿಲ್ಲ. ಏನು ಬರೆಯುತ್ತಿದ್ದಾರೆಂದು ಬಗ್ಗಿ ನೋಡುವ ಧೈರ್ಯ ಮಾತ್ರ ಆಕೆಗೆ ಬರಲಿಲ್ಲ.

ಹದಿನೇಳನೆಯ ಪದ 'ರೂಮರ್'. ಅದನ್ನು ಹೇಳಿದ್ದೇ ತಡ, ಒಂಬತ್ತು ತಲೆಗಳು ಒಟ್ಟಿಗೆ ಎಡ ಹೆಗಲಿನ ಮೇಲೆ ವಾಲಿದವು. ಹೆಡ್ಮೇಷ್ಟ್ರು ಬಾಣದಂತೆ ಬಂದರು. ಅಲ್ಲಿಂದ ಮುಂದಿನ ಮಾತೆಲ್ಲ ಪಿಸುಮಾತು.

ಹೆಡ್ಮೇಷ್ಟ್ರು: ನೋಡಿದ್ರಾ?

ಟೀಚರಮ್ಮ: ನೋಡಿದೆ.

ಹೆಡ್ಮೇಷ್ಟ್ರು: ಸಂಕೇತ! ಒಬ್ಬರಿಗೊಬ್ಬರು ಉತ್ತರ ದಾಟಿಸ್ತಿದಾರೆ. ಎಡಕ್ಕೆ ವಾಲಿದ್ರೆ ಒಂದು ಅರ್ಥ, ಬಲಕ್ಕೆ ವಾಲಿದ್ರೆ ಇನ್ನೊಂದು!

ಟೀಚರಮ್ಮ: ಕಣ್ಣು ಮುಚ್ಚಿಕೊಂಡು ಯಾರಿಗೆ ಸಂಕೇತ ಕೊಡ್ತಾರೆ ಸಾರ್? ಒಂಬತ್ತೂ ಮಕ್ಕಳ ಕಣ್ಣು ಮುಚ್ಚಿದೆ ನೋಡಿ.

ಹೆಡ್ಮೇಷ್ಟ್ರು: ಕುತ್ತಿಗೆ ಉಳುಕಿದೆಯಾ ಹಾಗಾದ್ರೆ? ಒಂಬತ್ತು ಜನಕ್ಕೂ ಒಟ್ಟಿಗೇ?

ಟೀಚರಮ್ಮ: ಇರಿ, ಇನ್ನೊಂದು ಪದ ಹೇಳ್ತೀನಿ.

ಹದಿನೆಂಟನೆಯ ಪದಕ್ಕೆ ಎಲ್ಲ ತಲೆಗಳೂ ನೆಟ್ಟಗಿದ್ದವು. ಹತ್ತೊಂಬತ್ತನೆಯದಕ್ಕೂ ಹಾಗೆಯೇ. ಇಪ್ಪತ್ತನೆಯದು 'ವಿಟ್ನೆಸ್'. ಈ ಬಾರಿ ಹದಿಮೂರು ತಲೆ ವಾಲಿದವು. ನಿದ್ದೆರಾಯನಂತೂ ವಾಲಿದ ರಭಸಕ್ಕೆ ಉರುಳಿಯೇ ಹೋಗುತ್ತಿದ್ದವನು ನೆಲಕ್ಕೆ ಕೈಯೂರಿ ಸಾವರಿಸಿಕೊಂಡ.

ಹೆಡ್ಮೇಷ್ಟ್ರು: ಆಯ್ತು, ಮುಗೀತು. ಪರೀಕ್ಷೆ ರದ್ದು, ನೀವು ಲೈಬ್ರರಿಗೆ, ನಾನು... ಅಯ್ಯೋ!

ಗಂಟೆತಾತ: (ಹತ್ತಿರ ಬಂದು) ಸಾಹೇಬ್ರೇ, ಮಕ್ಕಳನ್ನ ಏನೂ ಅನ್ಬೇಡಿ. ಅದು ನನ್ನ ತಪ್ಪು.

ಹೆಡ್ಮೇಷ್ಟ್ರು: ಕತ್ತು ವಾಲೋದೂ ನಿನ್ನ ಕೆಲಸವೇನಯ್ಯ?

ಗಂಟೆತಾತ: ಬಾಗಿಲ ಮೇಲೆ ಒಂದು ಪಟ್ಟಿ ಗೋಡೆ ಉಳಿದಿತ್ತು. ಜಾಗ ಅಡ್ಡಡ್ಡ ಇತ್ತು, ಕೈಲಿದ್ದ ಪುಟ ಉದ್ದುದ್ದ ಇತ್ತು. ಕತ್ತರಿಸೋಕೆ ಮನಸ್ಸು ಬರ್ಲಿಲ್ಲ. ಅಡ್ಡ ಮಲಗಿಸಿ ಅಂಟಿಸಿಬಿಟ್ಟೆ. ಕೋರ್ಟು, ಪೊಲೀಸು ಫೋಟೋ ಇರೋ ಪುಟ ಅದು. ಅದನ್ನ ಓದೋಕೆ ಮಕ್ಕಳು ವಾರವೆಲ್ಲ ಹೀಗೇ ಕತ್ತು ವಾಲಿಸ್ತಾ ಇದ್ವು.

ಬಾಗಿಲ ಮೇಲಿನ ಪುಟವನ್ನು ಟೀಚರಮ್ಮ ನೋಡಿರಲೇ ಇಲ್ಲ. ತನಗೆ ಸಿಗದ ಒಂಬತ್ತು ಪದಗಳು ಎಲ್ಲಿದ್ದವೆಂದು ಈಗ ತಿಳಿಯಿತು. ಅವರು ಆ ಮುಚ್ಚಿದ ಕಣ್ಣುಗಳನ್ನೂ ವಾಲಿದ ಕತ್ತುಗಳನ್ನೂ ಇನ್ನೊಮ್ಮೆ ನೋಡಿದರು.

ಹೆಡ್ಮೇಷ್ಟ್ರು: ಅಂದ್ರೆ ಗೋಡೆ ನೋಡಿ ಬರೀತಿದಾರೆ ಅಂತಾಯ್ತು!

ಟೀಚರಮ್ಮ: ಯಾವ ಗೋಡೆ ಸಾರ್?

ಹೆಡ್ಮೇಷ್ಟ್ರು: (ಸುತ್ತಲೂ ನೋಡಿ) ಆ... ಆ ಕೋಣೆ ಗೋಡೆ.

ಟೀಚರಮ್ಮ: ಕೋಣೆಗೆ ಬೀಗ ಹಾಕಿದೆ. ಬೀಗದ ಕೈ ನಿಮ್ಮ ಜೇಬಲ್ಲಿದೆ. ಗೋಡೆ ಈಗ ಇರೋದು ಈ ಮಕ್ಕಳ ತಲೆಯೊಳಗೆ. ನೋಡಿದ್ದು ಒಳಗಿಳಿದು, ಕಣ್ಣು ಮುಚ್ಚಿದಾಗಲೂ ಕಾಣೋದಕ್ಕೆ ಕಲಿಯೋದು ಅಂತಲೇ ತಾನೇ ಹೆಸರು?

ಹೆಡ್ಮೇಷ್ಟ್ರು: ಅಡ್ಡಡ್ಡ ಕಲಿತಿದಾರಲ್ಲ ಮೇಡಂ!

ಟೀಚರಮ್ಮ: ಅಡ್ಡ ಕಲಿತರೂ ಉದ್ದ ಬರೀತಿದಾರೆ ನೋಡಿ. ಇಪ್ಪತ್ತೊಂದನೇ ಪದ, ಮಕ್ಕಳೇ!

ಹೀಗೆ ಹೇಳುವಾಗ ಆಕೆಯ ದನಿ ನಡುಗಲಿಲ್ಲ.

ಪರೀಕ್ಷೆ ಮುಗಿದ ಮೇಲೆ ನಿಯಮದಂತೆ ಹೆಡ್ಮೇಷ್ಟ್ರೇ ತಿದ್ದಬೇಕಿತ್ತು. ಮಧ್ಯಾಹ್ನವೆಲ್ಲ ಕಚೇರಿಯ ಬಾಗಿಲು ಹಾಕಿಕೊಂಡು ತಿದ್ದಿದರು. ಹೊರಗಿನ ಬೆಂಚಿನ ಮೇಲೆ ಟೀಚರಮ್ಮ ಕುಳಿತಿದ್ದರು; ಕಂಬಕ್ಕೊರಗಿ ಗಂಟೆತಾತ ನಿಂತಿದ್ದರು. ಒಳಗಿನಿಂದ ಆಗಾಗ ಹಾಳೆ ತಿರುವುವ ಸದ್ದು, ಒಮ್ಮೆ ಕುರ್ಚಿ ಎಳೆದ ಸದ್ದು, ಆಮೇಲೆ ನಗು ಎಂದು ಸಂಶಯ ಪಡಬಹುದಾದ ಒಂದು ಸದ್ದು ಬಂತು.

ಗಂಟೆತಾತ: ಸಾಹೇಬ್ರು ನಕ್ಕ ಹಾಗಾಯ್ತು.

ಟೀಚರಮ್ಮ: ಅವರು ನಗಲ್ಲ ತಾತ. ಸೀನಿರ್ಬೇಕು.

ಗಂಟೆತಾತ: ಅಮ್ಮಾ, ನಿಮ್ಮನ್ನ ಲೈಬ್ರರಿಗೆ ಹಾಕಿದ್ರೆ ನಾನೂ ಅಲ್ಲಿಗೇ ಬರ್ತೀನಿ. ಪುಸ್ತಕಕ್ಕೆ ಅಂಟು ಬೇಕಲ್ಲ.

ಟೀಚರಮ್ಮ: ಬೇಡಪ್ಪಾ ಬೇಡ! ನೀವು ಅಂಟಿಸಿದ್ರೆ ಪುಸ್ತಕ ಯಾರೂ ತೆರೆಯೋ ಹಾಗೇ ಇರಲ್ಲ.

ತಾತ ನಕ್ಕರು, ಟೀಚರಮ್ಮನೂ ನಕ್ಕರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಡ್ಮೇಷ್ಟ್ರು ಹಾಳೆಗಳ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದರು.

ಹೆಡ್ಮೇಷ್ಟ್ರು: ಈ 'ಅಪಾಲಜಿ' ಅನ್ನೋ ಪದಕ್ಕೆ ನಿಮ್ಮ ಜಡೆಯ ಹುಡುಗಿ ಏನು ಬರೆದಿದಾಳೆ ಗೊತ್ತಾ? 'ಪೇಪರಿನವರು ಮೊದಲ ಪುಟದಲ್ಲಿ ತಪ್ಪು ಮಾಡಿ, ಹದಿನಾಲ್ಕನೇ ಪುಟದಲ್ಲಿ ಕೇಳೋದು.'

ಟೀಚರಮ್ಮ: (ಹೆದರಿ) ತಪ್ಪು ಕೊಟ್ರಾ ಸಾರ್?

ಹೆಡ್ಮೇಷ್ಟ್ರು: ಕೊಡೋಕೆ ಕೈ ಬರ್ಲಿಲ್ಲ. ಇಷ್ಟು ಸರಿಯಾದ ಅರ್ಥ ಕಚೇರಿ ಕಳಿಸಿದ ಮಾದರಿ ಉತ್ತರದಲ್ಲೂ ಇಲ್ಲ.

ಟೀಚರಮ್ಮ: ಮತ್ತೆ... ಸರಾಸರಿ?

ಹೆಡ್ಮೇಷ್ಟ್ರು: ಎರಡು ಸಲ ಕೂಡಿದೆ. ಮೂರನೇ ಸಲ ಕೆಳಗಿಂದ ಮೇಲಕ್ಕೆ ಕೂಡಿದೆ. ಮೂವತ್ತೆರಡೂವರೆ.

ಟೀಚರಮ್ಮ: ನಲವತ್ತಕ್ಕೆ?

ಹೆಡ್ಮೇಷ್ಟ್ರು: ನಲವತ್ತಕ್ಕೆ. ನಿದ್ದೆರಾಯನಿಗೆ ಇಪ್ಪತ್ತೊಂಬತ್ತು.

ಟೀಚರಮ್ಮ ಬೆಂಚಿನಿಂದೇಳಲು ಹೋಗಿ ಮತ್ತೆ ಕುಳಿತರು. ಬರಡೆಂದು ತಾನು ಕೈಚೆಲ್ಲಿದ್ದ ನೆಲದಲ್ಲಿ ಬೀಜ ಮಲಗಿತ್ತಷ್ಟೇ, ಸತ್ತಿರಲಿಲ್ಲ. ಬಿತ್ತಿದವಳು ತಾನು, ಮುಚ್ಚಿದವರು ತಾತ, ಮೊಳಕೆಯನ್ನು ಮಾತ್ರ ಇಬ್ಬರೂ ಕೊಡಲಿಲ್ಲ. ಆಕೆ ಸೆರಗಿನಿಂದ ಕಣ್ಣೊರೆಸಿ ಚೀಲದೊಳಗಿನ ಪ್ರಮಾಣಪತ್ರವನ್ನು ತೆಗೆದು, ತೊಡೆಯ ಮೇಲಿಟ್ಟು, ಗೆರೆಯ ಮೇಲೆ ನೆಟ್ಟಗೆ ಸಹಿ ಹಾಕಿದರು. ಹಾಕಿ ತಲೆಯೆತ್ತಿದರೆ, ಹೆಡ್ಮೇಷ್ಟ್ರು ಕರವಸ್ತ್ರದಿಂದ ಹಣೆ, ಕತ್ತು, ಎರಡೂ ಅಂಗೈ ಒರೆಸಿಕೊಳ್ಳುತ್ತಿದ್ದರು.

ಟೀಚರಮ್ಮ: ಸಾರ್, ಕೆಲಸ ಹೋಗ್ತಿದ್ದಿದ್ದು ನಂದು. ನೀವ್ಯಾಕ್ ಇಷ್ಟು ಬೆವರ್ತಿದ್ದೀರಿ?

ಹೆಡ್ಮೇಷ್ಟ್ರು: ಮೇಲಿನ ಕಚೇರಿಯ ಆ ಪತ್ರದಲ್ಲಿ ಎರಡನೇ ಪ್ಯಾರಾ ಒಂದಿತ್ತು ಮೇಡಂ. ನಿಮಗೆ ಓದಿ ಹೇಳಿರಲಿಲ್ಲ.

ಟೀಚರಮ್ಮ: ಏನಂತ ಇತ್ತು?

ಹೆಡ್ಮೇಷ್ಟ್ರು: 'ಸದರಿ ತರಗತಿಯನ್ನು ಮುಂದಿನ ಅವಧಿಯಿಂದ ಮುಖ್ಯೋಪಾಧ್ಯಾಯರು ಖುದ್ದಾಗಿ ವಹಿಸಿಕೊಳ್ಳತಕ್ಕದ್ದು.'

ಗಂಟೆತಾತ: ಅಂದ್ರೆ ಏಳನೇ ಬಿ ನಿಮ್ಮ ಕೊರಳಿಗೆ!

ಹೆಡ್ಮೇಷ್ಟ್ರು: ಮೂರು ವಾರದಿಂದ ನಿದ್ದೆ ಇಲ್ಲ ಕಣಯ್ಯ. ಮೇಡಂ ಒಂದು ಪ್ರಾರ್ಥನೆ ಮಾಡಿದ್ರೆ ನಾನು ಮೂರು ಮಾಡಿದೀನಿ.

ಟೀಚರಮ್ಮ: ಇದಕ್ಕೆ ಇಷ್ಟೊಂದು ಹೆದರಿಕೆಯಾ ಸಾರ್? ನನ್ನ ಎರಡರಷ್ಟು ಅನುಭವ ನಿಮ್ಮದು. ಮೂವತ್ತೆರಡು ಮಕ್ಕಳಿಗೆ ಪಾಠ ಮಾಡೋದು ನಿಮಗೇನು ಮಹಾ?

ಹೆಡ್ಮೇಷ್ಟ್ರು ವರಾಂಡದ ಆ ತುದಿ ನೋಡಿದರು, ಈ ತುದಿ ನೋಡಿದರು. ಬೇರೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಬಗ್ಗಿ, ದನಿ ತಗ್ಗಿಸಿ ಹೇಳಿದರು:

"ಏಳನೇ ಬಿ ಮುಂದೆ ನಿಂತು ಪಾಠ ಮಾಡೋ ಧೈರ್ಯ ಇದ್ದಿದ್ರೆ, ಮೇಡಂ, ನಾನ್ಯಾಕೆ ಹೆಡ್ಮೇಷ್ಟ್ರು ಆಗ್ತಿದ್ದೆ?"